ಹಾಳೆ ನಮ್ಮದು, ಅಚ್ಚು ಯಾರದು?

(ತಾಳಗುಪ್ಪದ ರೈತರ ಮುಂದೆ ಆಡಿದ ಮಾತು)



ಅಡಿಕೆ ಧಾರಣೆಯ ಮಾತು ದಿನಾ ಇದ್ದದ್ದೇ. ಇವತ್ತು ತೋಟದಲ್ಲಿ ತಾನಾಗಿ ಕಳಚಿ ಬೀಳುವ ಹಾಳೆಯ ಲೆಕ್ಕ ಹಾಕೋಣ.

ಒಂದು ಮರ ವರ್ಷಕ್ಕೆ 5-6 ಹಾಳೆ ಉದುರಿಸುತ್ತದೆ. ಎಕರೆಗೆ 500 ಮರ ಹಿಡಿದರೂ 2,500 ಹಾಳೆ ಆಯಿತು. ನಮ್ಮ ಹಿರಿಯರು ಇದರಲ್ಲಿ ಟೊಪ್ಪಿ ಮಾಡಿದರು, ದನಕ್ಕೆ ಹಾಕಿದರು, ಉಳಿದದ್ದನ್ನು ಮರದ ಬುಡಕ್ಕೇ ಕೊಟ್ಟರು. ಈಗ ತಟ್ಟೆ ಮಾಡುವವರು ಇದನ್ನೇ ಹುಡುಕಿಕೊಂಡು ಬರುತ್ತಾರೆ. ಯಾಕೆ ಬರುತ್ತಾರೆ? ನಮ್ಮ ರಾಜ್ಯ 2016ರಲ್ಲಿ ಪ್ಲಾಸ್ಟಿಕ್ ತಟ್ಟೆ, ಲೋಟ ನಿಷೇಧಿಸಿತು. 2022ರ ಜುಲೈ 1ರಿಂದ ಇಡೀ ದೇಶದಲ್ಲಿ ಅವು ನಿಷಿದ್ಧ.

ಪ್ಲಾಸ್ಟಿಕ್ ಅಂದರೆ ಭೂಮಿಯೊಳಗಿನ ಎಣ್ಣೆ. ಅದನ್ನು ತೆಗೆದು, ಸುಟ್ಟು, ಅಚ್ಚು ಹಾಕಿದರೆ ಹೂತಿದ್ದ ಇಂಗಾಲ ಗಾಳಿಗೆ ಸೇರುತ್ತದೆ. ಹಾಳೆಯ ಇಂಗಾಲ ಮರ ಗಾಳಿಯಿಂದಲೇ ಪಡೆದದ್ದು. ಕೊಳೆತಾಗ ಅಲ್ಲಿಗೇ ವಾಪಸು. ಅಚ್ಚು ಕಾಯಿಸುವ ಕರೆಂಟು, ಸಾಗಿಸುವ ಲಾರಿ ಇವಿಷ್ಟೇ ಮೇಲಿನ ಖರ್ಚು.

ಅಮೆರಿಕದ ನೆಬ್ರಾಸ್ಕಾದಲ್ಲಿ 2002ರಿಂದ ಮೆಕ್ಕೆಜೋಳದ ಸಕ್ಕರೆಯನ್ನು ಹುಳಿ ಹಿಡಿಸಿ ಪ್ಲಾಸ್ಟಿಕ್ ಮಾಡುತ್ತಾರೆ. ಅದು ಮಣ್ಣಾಗಬೇಕಾದರೆ ಸುಮಾರು 60 ಡಿಗ್ರಿ ಕಾವಿನ ಗೊಬ್ಬರದ ಕಾರ್ಖಾನೆ ಬೇಕು. ಅಂಥ ಕಾರ್ಖಾನೆಯಲ್ಲಿ ಜೋಳದವನು ಬರೀ ಕಚ್ಚಾಮಾಲಿನವನು. ನಮ್ಮ ಹಾಳೆಗೆ ಅಷ್ಟೆಲ್ಲ ಬೇಡ. ನೀರಲ್ಲಿ ನೆನೆಸು, ತೊಳೆ, ಕಾದ ಅಚ್ಚಿನಲ್ಲಿ ಒತ್ತು, ಅಂಚು ಕತ್ತರಿಸು. ಊರಲ್ಲೇ ಆಗುವ ಕೆಲಸ.

ಹಾಗಾದರೆ ಲಾಭ ಊರಲ್ಲಿ ಯಾಕೆ ಉಳಿಯುವುದಿಲ್ಲ? ನಾವು ಹಾಳೆ ಮಾರುತ್ತೇವೆ, ಬೇರೆಯವರು ತಟ್ಟೆ ಮಾರುತ್ತಾರೆ. ಇಲ್ಲೇ ಹತ್ತಿರದ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತದ್ದು ಯಾವುದಕ್ಕೆ? ಗೇಣಿ ಅಳೆಯುವ ಕೊಳಗಕ್ಕೆ. ಅಳತೆ ಯಾರ ಕೈಲಿದೆಯೋ ಬೆಳೆ ಅವರದು. ಇವತ್ತಿನ ಕೊಳಗ ಅಂದರೆ ಈ ಅಚ್ಚಿನ ಯಂತ್ರ.

ಹಾಗಂತ ನಾಳೆಯೇ ಸಾಲ ಎತ್ತಿ ಯಂತ್ರ ತರಬೇಡಿ. "ತಟ್ಟೆ ನಾನೇ ಕೊಳ್ತೀನಿ" ಅಂತ ಯಂತ್ರ ಮಾರುವವನು ಹೇಳ್ತಾನೆ. ಯಾವ ದರಕ್ಕೆ, ಎಷ್ಟು ವರ್ಷ ಅಂತ ಕಾಗದದ ಮೇಲೆ ಬರೆದುಕೊಡು ಅನ್ನಿ. ಮಳೆಗಾಲದಲ್ಲಿ ಹಾಳೆಗೆ ಬೂಷ್ಟು ಬರುತ್ತದೆ. ಸಾಲದ ಕಂತಿಗೆ ಮಳೆಗಾಲ ಇಲ್ಲ. ಬೇಸಿಗೆಯಲ್ಲಿ ಒಣಗಿಸಿ ಇಡಲು ಜಾಗ ಉಂಟೋ ಮೊದಲು ನೋಡಿ. ಹಾಳೆ ಮಾರಿದಷ್ಟೂ ತೋಟಕ್ಕೆ ಗೊಬ್ಬರ ಕಡಿಮೆ, ಅದನ್ನೂ ದರದಲ್ಲಿ ಸೇರಿಸಿ.

ಪರದೇಶದ ಪೇಟೆ ನಂಬಿಯೂ ಕೂರಬೇಡಿ. ಅಡಿಕೆಯಲ್ಲಿರುವ ಕ್ಷಾರಾಭಗಳು (ಆಲ್ಕಲಾಯ್ಡ್) ಈ ತಟ್ಟೆಯಿಂದ ಊಟಕ್ಕೆ ಇಳಿಯಬಹುದೆಂದು 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಇಲಾಖೆ ತಕರಾರು ತೆಗೆಯಿತು. ಸುಳ್ಳು ಅಂತ ಕೂಗಿದರೆ ಸಾಲದು. ಸರ್ಕಾರ ತನ್ನ ಖರ್ಚಿನಲ್ಲಿ ಪರೀಕ್ಷೆ ಮಾಡಿಸಲಿ, ಬಂದ ಫಲಿತಾಂಶ ಕನ್ನಡದಲ್ಲಿ ನಮ್ಮ ಮುಂದಿಡಲಿ. ದೋಷವಿದ್ದರೆ ನಮ್ಮ ಮನೆ ಮಕ್ಕಳೂ ಅದೇ ತಟ್ಟೆಯಲ್ಲಿ ಉಣ್ಣುವವರು.

ನಮ್ಮ ಹಕ್ಕೊತ್ತಾಯ ಮೂರು. ಪರೀಕ್ಷೆ ಸರ್ಕಾರದ್ದು. ಯಂತ್ರ ಒಬ್ಬೊಬ್ಬರ ಸಾಲದಲ್ಲಿ ಬೇಡ, ಅಡಿಕೆ ಮಾರುವ ನಮ್ಮ ಸಹಕಾರ ಸಂಘಗಳ ಹೆಸರಿನಲ್ಲಿ ಬರಲಿ. ಹಾಳೆ ಆರಿಸುವ ಹೆಂಗಸರ ಕೂಲಿ ಸೇರಿಸಿಯೇ ದರ ಕಟ್ಟಲಿ.

ಬಿದ್ದ ಹಾಳೆ ಬಿಟ್ಟಿ ಅಲ್ಲ. ಮನೆಗೆ ಹೋದವರು ಇವತ್ತೇ ನಿಮ್ಮ ತೋಟದ್ದು ಎಣಿಸಿ, ಆಮೇಲೆ ಸಂಘದ ಸಭೆಗೆ ಬನ್ನಿ.