‘ಉಂಡೀನಿ’ ಅಂದರೆ ನಂಬಿಬಿಡಬೇಡಿ

ಜಹೀರಾಬಾದ, ನಾರಾಯಣಖೇಡ, ತಾಂಡೂರಿನ ಕನ್ನಡ ಮನೆಗಳ ಹುಡುಗ ಹುಡುಗಿಯರೇ, ನಿಮ್ಮ ಕಣ್ಣು ಚುರುಕು. ಓಣಿಯಲ್ಲಿ ಯಾರು ಯಾರ ಜೊತೆ ಮಾತು ಬಿಟ್ಟರು ಅನ್ನೋದು ದೊಡ್ಡವರಿಗಿಂತ ಮೊದಲು ನಿಮಗೇ ಗೊತ್ತಾಗುತ್ತದೆ. ಆ ಕಣ್ಣು ಈಗ ನಿಮ್ಮದೇ ಮನೆಯ ಊಟದ ತಾಟಿನ ಮೇಲೆ ಬೀಳಬೇಕಾಗಿದೆ.

ಅಕ್ಕ ಎಲ್ಲರಿಗೂ ಜೋಳದ ರೊಟ್ಟಿ ಬಡಿಯುತ್ತಾಳೆ, ಪುಂಡಿಪಲ್ಯ ನೀಡುತ್ತಾಳೆ, ತನ್ನ ಸರದಿ ಬಂದಾಗ ‘ನಾ ಆಗ್ಲೇ ಉಂಡೀನಿ’ ಅನ್ನುತ್ತಾಳೆ. ಉಂಡದ್ದನ್ನು ಕಂಡವರಿಲ್ಲ. ಶ್ರಾವಣ ಸೋಮವಾರಗಳು ಮುಗಿದರೂ ಅವಳ ಒಪ್ಪತ್ತು ಮುಗಿಯುವುದಿಲ್ಲ. ಝರಾಸಂಗಮದ ಕೇತಕಿ ಸಂಗಮೇಶ್ವರನ ಹೆಸರು ಹೇಳಿದರೆ ನಮ್ಮಲ್ಲಿ ಉಪವಾಸವನ್ನು ಕೇಳುವವರು ಯಾರು? ವ್ರತಕ್ಕಾದರೆ ಪಾರಣೆ ಇದೆ, ಈ ಕಾಯಿಲೆಯ ಉಪವಾಸಕ್ಕೆ ಅದಿಲ್ಲ. ಬೇಸಿಗೆಯಲ್ಲೂ ಚಳಿ ಅನ್ನುತ್ತಾಳೆ, ಹಣಿಗೆ ತುಂಬ ಕೂದಲು, ಮುಟ್ಟು ನಿಂತು ತಿಂಗಳುಗಳಾದವು. ಮನೋವೈದ್ಯರು ಇದನ್ನು ಅನೊರೆಕ್ಸಿಯಾ ಅನ್ನುತ್ತಾರೆ. ಮನಸ್ಸಿನ ಕಾಯಿಲೆಗಳಲ್ಲಿ ಅತಿ ಹೆಚ್ಚು ಜೀವ ತೆಗೆಯುವವುಗಳ ಸಾಲಿಗೆ ಇದು ಸೇರಿದೆ.

ಇನ್ನೊಂದು ಬಗೆಯೂ ಇದೆ. ಹಾಸ್ಟೆಲಿನ ಗೆಳೆಯ ಗಬಗಬ ತಿಂದವನೇ ಬಚ್ಚಲಿಗೆ ಹೋಗಿ ನಳ ಜೋರಾಗಿ ಬಿಡುತ್ತಾನೆ. ಬೆರಳಿನ ಗೆಣ್ಣಿನ ಮೇಲೆ ಹಲ್ಲು ತಾಗಿದ ಗಾಯ, ಊದಿದ ಗಲ್ಲ, ಸವೆದ ಹಲ್ಲು. 1979ರಲ್ಲಿ ಲಂಡನ್ನಿನ ಮನೋವೈದ್ಯ ಜೆರಾಲ್ಡ್ ರಸೆಲ್ ವಿವರಿಸಿದ ಬುಲಿಮಿಯಾ ಇದು. ಇವರ ತೂಕ ಬಹಳ ಸಲ ಎಲ್ಲರಂತೆಯೇ ಇರುತ್ತದೆ. ಅದಕ್ಕೇ ‘ಸೊರಗಿಲ್ಲಲ್ಲ, ಚಂದ ಅದಾನ’ ಎಂದು ಮನೆ ಸುಮ್ಮನಿರುತ್ತದೆ. ಪದೇ ಪದೇ ವಾಂತಿಯಾದರೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಹೃದಯದ ಬಡಿತವೇ ತಪ್ಪಬಹುದು.

ಹಸಿವು ಮನಸ್ಸನ್ನು ಏನು ಮಾಡುತ್ತದೆ ಕೇಳಿ: 1945ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಸಂಶೋಧಕ ಆನ್ಸೆಲ್ ಕೀಸ್ 36 ಗಟ್ಟಿಮುಟ್ಟಾದ ತರುಣರನ್ನು, ಅವರ ಒಪ್ಪಿಗೆಯಿಂದಲೇ, ಆರು ತಿಂಗಳು ಅರೆಹೊಟ್ಟೆಯಲ್ಲಿ ಇಟ್ಟು ನೋಡಿದರು. ಅವರು ಹಗಲಿರುಳು ಅಡುಗೆಯ ಪುಸ್ತಕ ಓದತೊಡಗಿದರು, ಒಂದು ತುತ್ತನ್ನು ಎಷ್ಟೋ ಹೊತ್ತು ಜಗಿದರು, ಸಿಡುಕಿದರು, ಮಂಕಾದರು. ಅಕ್ಕ ರಾತ್ರಿಯೆಲ್ಲ ಅಡುಗೆ ವಿಡಿಯೊ ನೋಡಿ ಬೆಳಗ್ಗೆ ಮುಟ್ಟಿದರೆ ಮುನಿಯುವುದು ಹಟದಿಂದಲ್ಲ, ಹಸಿದ ಮಿದುಳಿನಿಂದ. ಬೈದರೆ ಅದು ವಾಸಿಯಾಗುವುದಿಲ್ಲ.

ಅಜ್ಜಿ ದೃಷ್ಟಿ ತೆಗೆಯುತ್ತಾರೆ, ಕಾಕಾ ಗ್ಯಾಸ್ ಅನ್ನುತ್ತಾರೆ. ‘ತೆಳ್ಳಗಾದ್ರ ಚಲೋನೇ ಆತು, ಗಂಡು ನೋಡಾಕ ಬರ್ತಾರ’ ಅನ್ನುವವರೂ ಇದ್ದಾರೆ, ನನಗೆ ಸಿಟ್ಟು ಬರುವುದು ಈ ಮಾತಿಗೆ. ಅದನ್ನು ಮನೆಯಲ್ಲೇ ತಡೆಯಿರಿ. ನಿಮ್ಮ ವಾಟ್ಸ್ಯಾಪ್ ಗುಂಪಿನ ‘ಡುಮ್ಮಿ’, ‘ಕಡ್ಡಿ’ ಹೆಸರುಗಳನ್ನೂ ಇವತ್ತೇ ಅಳಿಸಿ.

ಆಮೇಲೆ ಅಕ್ಕ ಒಬ್ಬಳೇ ಇದ್ದಾಗ, ಊಟದ ಹೊತ್ತು ಬಿಟ್ಟು, ಕಂಡದ್ದನ್ನಷ್ಟೇ ಹೇಳಿ: ‘ಯಕ್ಕಾ, ಮೂರು ವಾರ ಆತು, ನೀ ನಮ್ಮ ಜೋಡಿ ಉಂಡೇ ಇಲ್ಲ. ನಂಗ ಅಂಜಿಕಿ ಆಗ್ಯಾದ.’ ಅವಳು ಸಿಟ್ಟಾಗಬಹುದು. ಎರಡು ದಿನ ಬಿಟ್ಟು ಮತ್ತೆ ಕೇಳಿ. ತೂಕ, ಮೈಕಟ್ಟಿನ ಮಾತು ಬೇಡ, ಹೊಗಳಿಕೆಯೂ ಬೇಡ. ವಾರಗಟ್ಟಲೆ ಉಪವಾಸವಿದ್ದವಳ ಬಾಯಿಗೆ ಪ್ರೀತಿಯಿಂದ ತುಪ್ಪ-ಹೋಳಿಗೆ ತುರುಕಲೇಬೇಡಿ: ಒಮ್ಮೆಲೇ ಹೆಚ್ಚು ಉಂಡರೆ ರಕ್ತದ ಲವಣಗಳು ಏರುಪೇರಾಗಿ ಪ್ರಾಣಕ್ಕೆ ಕುತ್ತು ಬರಬಹುದು. ಊಟ ಹೆಚ್ಚಿಸುವುದು ವೈದ್ಯರ ಲೆಕ್ಕದಲ್ಲೇ ಆಗಬೇಕು.

ವೈದ್ಯರು ಎಲ್ಲಿ ಅಂತೀರಾ? ಜಹೀರಾಬಾದಿಗೆ ಬೀದರ ಹತ್ತಿರ, ತಾಂಡೂರಿನಿಂದ ಕಲಬುರಗಿಗೆ ರೈಲಿದೆ, ಹೈದರಾಬಾದಿನ ಎರ್ರಗಡ್ಡದಲ್ಲಿ ಸರಕಾರಿ ಮಾನಸಿಕ ಆಸ್ಪತ್ರೆ ಇದೆ. ತಲೆಸುತ್ತಿ ಬಿದ್ದರೆ, ಎದೆ ಹೊಡೆದುಕೊಂಡರೆ, ಸಾಯುವ ಮಾತಾಡಿದರೆ ಕಾಯದೆ 108ಕ್ಕೆ ಫೋನ್ ಮಾಡಿ. ಅಷ್ಟು ಕೆಟ್ಟಿಲ್ಲ, ಆದರೆ ಏನು ಮಾಡಬೇಕೆಂದು ತೋಚುತ್ತಿಲ್ಲ ಎಂದರೆ 14416, ಟೆಲಿ ಮಾನಸ್. 2022ರ ಅಕ್ಟೋಬರ್ 10ರಿಂದ ನಡೆಯುತ್ತಿರುವ ಸರಕಾರದ ಸಹಾಯವಾಣಿ, ಹಗಲೂ ರಾತ್ರಿ, ಪುಕ್ಕಟೆ. ಭಾಷೆಗಳಲ್ಲಿ ಕನ್ನಡವೂ ಇದೆ. ಕರೆ ಮಾಡಲು ನೀವೇ ರೋಗಿಯಾಗಿರಬೇಕಿಲ್ಲ, ತಮ್ಮನಾಗಿದ್ದರೂ ಸಾಕು, ಗೆಳತಿಯಾಗಿದ್ದರೂ ಸಾಕು. ನಂಬರು ಈಗಲೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ.