ಆರೋಗ್ಯ ಮಾತೆಯ ಹಬ್ಬದ ಪ್ರಬೋಧನೆ: ಕಣ್ಣೊಳಗೆ ಮಲಗಿರುವ ಗೊಂಚಲು



ಇಂದು ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಜನನೋತ್ಸವ. ಬಳ್ಳಾರಿ ಧರ್ಮಕ್ಷೇತ್ರದ ನಮಗೆಲ್ಲ ಇದು ಆರೋಗ್ಯ ಮಾತೆಯ ಹಬ್ಬವೂ ಹೌದು. ಇಂದಿನ ಶುಭಸಂದೇಶದಲ್ಲಿ ಸಂತ ಮತ್ತಾಯನು ಯೇಸುಸ್ವಾಮಿಯ ವಂಶಾವಳಿಯನ್ನು ಕೊಡುತ್ತಾನೆ. ಹೆಸರಿನ ಮೇಲೆ ಹೆಸರು. ಕೇಳುವಾಗ ನಮ್ಮಲ್ಲಿ ಕೆಲವರಿಗೆ ತೂಕಡಿಕೆ ಬರುವುದೂ ಉಂಟು. ಆದರೆ ಆ ಪಟ್ಟಿಯ ಕೊನೆಯ ಭಾಗವನ್ನು ಗಮನಿಸೋಣ. ಬಾಬಿಲೋನಿನ ಸೆರೆಯ ನಂತರ, ಜೆರುಬ್ಬಾಬೆಲನಿಂದ ಈಚೆಗೆ ಬರುವ ಒಂಬತ್ತು ಹೆಸರುಗಳವರ ಬಗ್ಗೆ ಹಳೆಯ ಒಡಂಬಡಿಕೆ ಏನನ್ನೂ ಹೇಳುವುದಿಲ್ಲ. ಅವರಲ್ಲಿ ಒಬ್ಬನೂ ಸಿಂಹಾಸನ ಏರಲಿಲ್ಲ. ದಾವೀದನ ಮರ ಒಣಗಿತು ಎಂದೇ ಜನ ತಿಳಿದಿದ್ದ ಕಾಲವದು. ಜೆಸ್ಸೆಯ ಮೋಟು ಬುಡದಿಂದ ಚಿಗುರು ಬರುತ್ತದೆಂದು ಪ್ರವಾದಿ ಯೆಶಾಯನು ನುಡಿದಿದ್ದು ಇಂಥ ಮರವನ್ನು ಕುರಿತೇ.

ಕಡಿದ ಬುಡ ಚಿಗುರುವುದು ಬರಿಯ ಹೋಲಿಕೆಯಲ್ಲ. ತೊಗಟೆಯ ಕೆಳಗೆ ವರ್ಷಗಟ್ಟಲೆ ಮಲಗಿರುವ ಮೊಗ್ಗುಗಳಿರುತ್ತವೆ. ಸೇಬು, ಪೀಚ್, ಪ್ಲಮ್ ಮುಂತಾದ ಚಳಿನಾಡಿನ ಮರಗಳಂತೂ ಪ್ರತಿವರ್ಷ ಪೂರ್ತಿಯಾಗಿ ಮಲಗುತ್ತವೆ. ಬರುವ ವಸಂತದ ಹೂವನ್ನು ಬೇಸಿಗೆಯಲ್ಲೇ ಮೊಗ್ಗಿನೊಳಗೆ ಮಡಿಚಿಟ್ಟು, ಮೇಲೆ ಗಟ್ಟಿ ಹೊದಿಕೆ ಹೊದಿಸಿ, ಎಲೆ ಉದುರಿಸಿ ನಿಲ್ಲುತ್ತವೆ. ಆಮೇಲೆ ಚಳಿಯನ್ನು ಎಣಿಸುತ್ತವೆ! ಸುಮಾರು 7 ಡಿಗ್ರಿಗಿಂತ ಕೆಳಗಿನ ಚಳಿ, ಅನೇಕ ಸೇಬಿನ ತಳಿಗಳಿಗೆ ಸಾವಿರ ಗಂಟೆಯಷ್ಟು ಬೇಕು. ನಡುವೆ ನಾಲ್ಕು ದಿನ ಬಿಸಿಲು ಬಿದ್ದರೂ ಮೊಗ್ಗು ಮೋಸಹೋಗುವುದಿಲ್ಲ. ಆಗ ಅರಳಿದರೆ ಮುಂದಿನ ಹಿಮ ಸುಟ್ಟುಹಾಕುತ್ತದೆಂಬುದು ಅದಕ್ಕೆ ಗೊತ್ತಿದ್ದಂತಿದೆ. ಎಣಿಕೆ ತುಂಬಿದ ಮೇಲೆ ಮಾತ್ರ ಅದು ಬಿಸಿಲಿಗೆ ಕಿವಿಗೊಡುತ್ತದೆ.

ಈ ಮರಗಳಲ್ಲಿ ಮೊದಲು ಎಚ್ಚರಗೊಳ್ಳುವುದು ಬಾದಾಮಿ. ನಮ್ಮ ಶಾಲೆಗಳ ಅಂಗಳದ ಕಾಡುಬಾದಾಮಿಯಲ್ಲ, ಪವಿತ್ರ ನಾಡಿನ ಬಾದಾಮಿ. ಅದಕ್ಕೆ ಸ್ವಲ್ಪ ಚಳಿ ಸಾಕು. ಜನವರಿ ಕೊನೆಗೇ ಎಲೆಯಿಲ್ಲದ ಕೊಂಬೆಯಲ್ಲಿ ಹೂ ಬಿಡುತ್ತದೆ. ಹೀಬ್ರೂ ಭಾಷೆಯಲ್ಲಿ ಬಾದಾಮಿಗೆ ‘ಶಾಕೇದ್’ ಎನ್ನುತ್ತಾರೆ, ಎಚ್ಚರವಿದ್ದು ಕಾಯುವವನಿಗೆ ‘ಶೋಕೇದ್’. ಸರ್ವೇಶ್ವರ ಯೆರೆಮೀಯನಿಗೆ ಬಾದಾಮಿಯ ರೆಂಬೆ ತೋರಿಸಿದ್ದು ಈ ಎರಡು ಪದಗಳ ನಂಟಿನಿಂದಲೇ.

ಇನ್ನು ನಮ್ಮ ಹನುಮಸಾಗರದ ಕಡೆಗೆ ಬರೋಣ. ಇಲ್ಲಿ ಡಿಸೆಂಬರ್ ರಾತ್ರಿಗೂ ಅಂಥ ಚಳಿ ಎಲ್ಲಿದೆ? ಕಡಿಮೆ ಚಳಿ ಸಾಕೆನ್ನುವ ಸೇಬಿನ ತಳಿಗಳು ಈಗ ಬಂದಿವೆ. ನೆರೆಯ ಬಾಗಲಕೋಟೆ ಜಿಲ್ಲೆಯ ಕುಳಲಿಯ ರೈತರೊಬ್ಬರು ಸೇಬು ಬೆಳೆದದ್ದು 2025ರ ಏಪ್ರಿಲ್‌ನಲ್ಲಿ ಪ್ರಧಾನಿಯವರ ‘ಮನ್ ಕೀ ಬಾತ್’ನಲ್ಲೂ ಪ್ರಸ್ತಾಪವಾಯಿತು. ಆದರೆ ಕುಷ್ಟಗಿ ತಾಲೂಕಿನ ನಮ್ಮವರಿಗೆ ಕೂಲಿ ಕೊಡುವ ಬೆಳೆ ದಾಳಿಂಬೆ ಮತ್ತು ದ್ರಾಕ್ಷಿ. ದಾಳಿಂಬೆಗೆ ಚಳಿಯ ಬದಲು ಬಾಯಾರಿಕೆ. ತಿಂಗಳು ಎರಡು ತಿಂಗಳು ನೀರು ನಿಲ್ಲಿಸಿ, ಎಲೆ ಉದುರಿಸಿ, ಆಮೇಲೆ ಗೊಬ್ಬರ ನೀರು ಕೊಟ್ಟರೆ ಗಿಡ ಒಟ್ಟಿಗೇ ಹೂ ಬಿಡುತ್ತದೆ. ಇದಕ್ಕೇ ಬಹಾರ್ ಹಿಡಿಯುವುದು ಎನ್ನುತ್ತೇವೆ.

ದ್ರಾಕ್ಷಿಯ ಕಥೆ ಬೇರೆ. ಅದು ಚಳಿಯಲ್ಲಿ ಮಲಗಿ ಅಭ್ಯಾಸವಾದ ಬಳ್ಳಿ. ನಮ್ಮ ಸೆಖೆಯಲ್ಲಿ ತನಗೆ ತಾನೇ ಸರಿಯಾಗಿ ಮಲಗದು, ಸರಿಯಾಗಿ ಏಳದು. ಆದ್ದರಿಂದ ವರ್ಷಕ್ಕೆ ಎರಡು ಚಾಟ್ನಿ. ಏಪ್ರಿಲ್ ಚಾಟ್ನಿ ಕಡ್ಡಿಗಾಗಿ, ಅಕ್ಟೋಬರ್ ಚಾಟ್ನಿ ಹಣ್ಣಿಗಾಗಿ. ಏಪ್ರಿಲ್‌ನಲ್ಲಿ ಸವರಿದ ಸುಮಾರು ಒಂದೂವರೆ, ಎರಡು ತಿಂಗಳಿಗೆ ಹೊಸ ಕಡ್ಡಿಯ ಕಣ್ಣುಗಳೊಳಗೆ ಗೊಂಚಲಿನ ಮೊಳಕೆ ಮೂಡಿಬಿಡುತ್ತದೆ. ಅಂದರೆ ಬರುವ ಫೆಬ್ರವರಿ ಮಾರ್ಚ್‌ನಲ್ಲಿ ಪೇಟೆಗೆ ಹೋಗುವ ಹಣ್ಣು ಇಂದು, ಈ ಹಬ್ಬದ ದಿನ, ಆಗಲೇ ಬಳ್ಳಿಯಲ್ಲಿದೆ. ಕಣ್ಣನ್ನು ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಾಣುತ್ತದೆ. ಮುಪ್ಪಿನವರೆಗೆ ಮಕ್ಕಳಿಲ್ಲದೆ ನೆರೆಯವರ ಮಾತು ಕೇಳಿದರೆಂದು ಸಂಪ್ರದಾಯ ಹೇಳುವ ಸಂತ ಜೋಕಿಂ ಮತ್ತು ಸಂತ ಅನ್ನಮ್ಮನವರನ್ನು ಇಲ್ಲಿ ನೆನೆಯಬಹುದು. ‘ಬಂಜೆ’ ಎಂಬ ಮಾತು ನಮ್ಮ ಕೇರಿಗಳಲ್ಲಿ ಇನ್ನೂ ಬಾಯಿಗೆ ಬರುತ್ತದೆ. ಮರಿಯಮ್ಮನವರ ಹುಟ್ಟುಹಬ್ಬ ಆಚರಿಸುವವರ ಬಾಯಿಗೆ ಅದು ಒಪ್ಪುವುದಿಲ್ಲ.

ಈಗ ನಾವು ಹೇಳಲೇಬೇಕಾದ ಮಾತಿಗೆ ಬರುತ್ತೇವೆ. ಅಕ್ಟೋಬರ್ ಚಾಟ್ನಿಯ ಬೆನ್ನಿಗೇ, ಕಣ್ಣುಗಳೆಲ್ಲ ಒಟ್ಟಿಗೆ ಒಡೆಯಲೆಂದು ಔಷಧ ಹಚ್ಚುತ್ತಾರೆ. ತೋಟದಲ್ಲಿ ಅದಕ್ಕೆ ಪೇಸ್ಟಿಂಗ್ ಎಂದು ಹೆಸರು. ಔಷಧ ಹೈಡ್ರೋಜನ್ ಸಯನಮೈಡ್. ಡಾರ್ಮೆಕ್ಸ್ ಎಂದರೆ ಹೆಚ್ಚಿನವರಿಗೆ ತಿಳಿಯುತ್ತದೆ. ಚಳಿ ಮಾಡಬೇಕಾದ ಕೆಲಸವನ್ನು ಇದು ಮಾಡುತ್ತದೆ. ಆದರೆ ಚರ್ಮ, ಕಣ್ಣು ಸುಡುತ್ತದೆ, ಮೈಯೊಳಗೂ ಇಳಿಯುತ್ತದೆ. ಹಚ್ಚಿದವರು ಸಂಜೆ ಸಾರಾಯಿ ಮುಟ್ಟಿದರೆ ಮುಖ ಕೆಂಪೇರಿ, ಎದೆ ಬಡಿದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿಯಬಹುದು. ಕುಡಿತ ಬಿಡಿಸಲು ಜಪಾನಿನ ವೈದ್ಯರು ಕೊಡುತ್ತಾ ಬಂದ ಔಷಧವೂ ಸಯನಮೈಡೇ! 2001ರಲ್ಲಿ ಇಟಲಿಯ ತೋಟಗಾರರು ಇದರಿಂದ ಆಸ್ಪತ್ರೆ ಸೇರಿದ್ದು ದಾಖಲಾಗಿದೆ. 2008ರಲ್ಲಿ ಐರೋಪ್ಯ ಒಕ್ಕೂಟ ಇದನ್ನು ಅನುಮತಿ ಪಟ್ಟಿಗೆ ಸೇರಿಸಲು ನಿರಾಕರಿಸಿತು.

ಬಳ್ಳಿಯ ನಿದ್ರೆಗೆ ಬೇಕಾದ ಚಳಿಯನ್ನು ನಮ್ಮ ನೆಲ ಕೊಡದಿದ್ದಾಗ ಆ ಕೊರತೆಯನ್ನು ಕೂಲಿಯವರ ಕೈ ತುಂಬಿಕೊಡುತ್ತದೆ. ಪೀಠದ ಮೇಲಿನ ದ್ರಾಕ್ಷಾರಸವನ್ನು ದ್ರಾಕ್ಷಿಬಳ್ಳಿಯ ಫಲ, ಮಾನವರ ದುಡಿಮೆಯ ಫಲ ಎಂದು ಅರ್ಪಿಸುವ ನಾವು ಆ ಕೈಗಳನ್ನು ಕಾಣದೆ ಹೋಗಬಾರದು. ಆರೋಗ್ಯ ಮಾತೆಗೆ ಮೇಣದಬತ್ತಿ ಹಚ್ಚಿದರಷ್ಟೇ ಸಾಲದು.

ಚಾಟ್ನಿಗೆ ಇನ್ನು ಕೆಲವೇ ವಾರಗಳಿವೆ. ತೋಟವಿರುವವರೇ, ಔಷಧ ತರುವ ದಿನವೇ ಉದ್ದ ಕೈಗವಸು, ಕನ್ನಡಕ, ತುಂಬುತೋಳಿನ ಅಂಗಿಯನ್ನೂ ತನ್ನಿರಿ. ಕೈ ತೊಳೆಯಲು ಸಾಬೂನು, ನೀರು ಸಾಲಿನ ತುದಿಯಲ್ಲೇ ಇರಲಿ. ಎಳೆಯರನ್ನೂ ಬಸುರಿಯರನ್ನೂ ಈ ಕೆಲಸಕ್ಕೆ ಕರೆಯಬೇಡಿರಿ. ಕೂಲಿಗೆ ಹೋಗುವ ಅಣ್ಣತಮ್ಮಂದಿರೇ, ಪೇಸ್ಟಿಂಗ್‌ನ ಹಿಂದಿನ ದಿನದಿಂದ ಹಿಡಿದು ಮುಗಿದು ಒಂದು ವಾರದವರೆಗೆ ಕುಡಿತದ ಕಡೆ ಸುಳಿಯಬೇಡಿರಿ. ತಾಯಂದಿರೇ, ತೋಟದಲ್ಲಿ ಉಟ್ಟ ಬಟ್ಟೆಯನ್ನು ಮಕ್ಕಳ ಬಟ್ಟೆಯೊಡನೆ ಒಗೆಯಬೇಡಿರಿ; ಯಾರಿಗಾದರೂ ಉಸಿರು ಕಟ್ಟಿದರೆ ಔಷಧದ ಡಬ್ಬಿಯ ಚೀಟಿಯನ್ನೂ ಹಿಡಿದುಕೊಂಡೇ ಆಸ್ಪತ್ರೆಗೆ ಓಡಿರಿ.