ಗುಡ್ಡದ ಲೆಕ್ಕ
(ರಜತ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಸಂಘಕ್ಕೆ 25 ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸಾಲ, ಠೇವಣಿಗಳ ಲೆಕ್ಕವನ್ನು ಕಾರ್ಯದರ್ಶಿಗಳು ಒಪ್ಪಿಸಿದ್ದಾರೆ. ನಾವು ನಮ್ಮ ಗುಡ್ಡಗಳ ಲೆಕ್ಕವನ್ನು ತಮ್ಮ ಮುಂದಿಡಲು ಬಯಸುತ್ತೇವೆ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಗುಡ್ಡಗಳಲ್ಲಿ ಕಾರೆ, ಕವಳಿ, ತಂಗಡಿ, ಜಾಲಿಗಳ ಕುರುಚಲೇ ಹೆಚ್ಚು. ಯಾಕೆ ಅಂತ ಕೇಳಿದರೆ, "ಮಳಿ ಇಲ್ಲರಿ, ಬರೇ ಕಲ್ಲು" ಅಂತಾರೆ. ಅದು ಅರ್ಧ ನಿಜ. ಎರೆ ಹೊಲದ ಬದುವಿಗೆ ಕರಿಜಾಲಿ, ಬನ್ನಿ, ಮಸಾರಿಗೆ ಬೇವು. ಇದು ಮಣ್ಣಿನ ತೀರ್ಮಾನ. ಆದರೆ ವರ್ಷಕ್ಕೆ ಸುಮಾರು 600 ಮಿ.ಮೀ. ಬೀಳುವ ಈ ಮಳೆಯಲ್ಲೇ ಕಮರದಂಥ ಮರವೂ ಬೆಳೆಯಬಲ್ಲದು. ಉಳಿದ ಅರ್ಧ ಮನುಷ್ಯರ ಕೆಲಸ.

ಹೊಳೆಯ ಆಚೆ ಕುಡತಿನಿಯಲ್ಲಿರುವ ಬೂದಿದಿಬ್ಬ ಸಗಣಿ ಸುಟ್ಟು ಆದದ್ದು. 4,000 ವರ್ಷಗಳ ಹಿಂದೆಯೇ ಈ ಭಾಗದಲ್ಲಿ ದನದ ಹಟ್ಟಿಗಳಿದ್ದವು. ಹಿರೇಬೆಣಕಲ್ಲಿನ ಮೋರ್ಯರ ಗುಡ್ಡದ ಕಲ್ಮನೆಗಳು ಕಬ್ಬಿಣದ ಕಾಲದವು. ಕಬ್ಬಿಣ ಕರಗಿಸಲು ಇದ್ದಿಲು ಬೇಕು. 1336ರಿಂದ 1565ರವರೆಗೆ ವಿಜಯನಗರದಂಥ ದೊಡ್ಡ ಪಟ್ಟಣದ ಒಲೆಗೆ, ಸುಣ್ಣದ ಭಟ್ಟಿಗೆ ಸೌದೆ ಆಕಾಶದಿಂದ ಬಿತ್ತೇನು? 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಕಾಲುವೆಗೆ ನೀರು ಬಂತು. ಗಂಗಾವತಿ ಕಡೆಯ ಬಯಲು ಭತ್ತದ ಗದ್ದೆಯಾಯಿತು. ಮೇವಿಗೆ ಗುಡ್ಡವೇ ಗತಿಯಾಯಿತು.

ಆಡು, ಕುರಿ ಆರಿಸಿ ಮೇಯುತ್ತವೆ, ನೋಡ್ರಿ. ರುಚಿಯಾದ ಎಳೆ ಸಸಿ ಮೊದಲು ಹೋಗುತ್ತದೆ. ತಂಗಡಿಗೆ ಬಾಯಿ ಹಾಕುವುದಿಲ್ಲ. ಕಾರೆಗೆ ಮುಳ್ಳಿನ ಕಾವಲು. ವರ್ಷಗಟ್ಟಲೆ ಹೀಗಾದರೆ ತಿನ್ನದೇ ಬಿಟ್ಟದ್ದೇ ಕಾಡಾಗುತ್ತದೆ. ಬಳ್ಳಾರಿ ಜಾಲಿಯಂತೂ ಅಮೆರಿಕ ಖಂಡದ ಗಿಡ. 19ನೇ ಶತಮಾನದಲ್ಲಿ ನಮ್ಮ ದೇಶಕ್ಕೆ ಬಂತು. ಸಾಮಾನ್ಯವಾಗಿ ಅದರ ಎಲೆಯನ್ನು ಕುರಿ ಮುಟ್ಟುವುದಿಲ್ಲ, ಕಾಯಿ ತಿಂದು ಹಿಕ್ಕೆಯಲ್ಲಿ ಬೀಜ ಬಿತ್ತುತ್ತದೆ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ.

ಹಾಗಂತ ಕುರಿಗಾರರನ್ನು ದೂರುವುದು ಸಲ್ಲದು. ಅವರ ಹೊಟ್ಟೆಪಾಡು ಗುಡ್ಡದ ಮೇಲಿದೆ. ಬಡವರ ಒಲೆ ಉರಿಯುವುದೂ ಆ ಜಾಲಿಯಿಂದಲೇ. ಎಲ್ಲ ಕಡೆ ದಟ್ಟ ಮರ ಬೇಕೆಂದೂ ಇಲ್ಲ. ನಮ್ಮ ಬಂಕಾಪುರದ ತೋಳಗಳಿಗೆ ಹುಲ್ಲು, ಕುರುಚಲೇ ಮನೆ.

ಆದರೆ ಹೊಳೆಯಾಚೆಯ ದರೋಜಿಯನ್ನು ನೋಡಿ ಬನ್ನಿ. ಅದೇ ಬಂಡೆ, ಅದೇ ಮಳೆ. 1994ರಲ್ಲಿ ಕರಡಿಧಾಮವಾಗಿ ಕಾಯ್ದ ಮೇಲೆ ಗುಡ್ಡ ಹಸಿರಾಗಿದೆ. ಆದ್ದರಿಂದ ಕುರಿ ಸಾಲ ಕೊಡುವ ನಮ್ಮ ಸಂಘವೇ ಮುಂದಾಗಿ, ಕುರಿಗಾರರನ್ನೇ ಮೊದಲು ಕೂಡಿಸಿ ಮಾತಾಡಲಿ. ಊರ ಗುಡ್ಡವನ್ನು ನಾಲ್ಕು ಪಾಲು ಮಾಡಿ, ಸರದಿಯಂತೆ ಒಂದು ಪಾಲಿಗೆ ಮೇವು ನಿಲ್ಲಿಸೋಣ. ಸಸಿ ಆಡಿನ ಬಾಯಿಗೆ ಎಟುಕದಷ್ಟು ಎತ್ತರವಾಗುವವರೆಗೆ ಕಾಯೋಣ. ಅಲ್ಲಿ ಕೊಯ್ದ ಹುಲ್ಲು ಕುರಿಗಾರರಿಗೇ ಸಿಗಲಿ.

ಹಿಂದಿನವರು ಮೇಯಿಸಿದ್ದು, ಕಡಿದದ್ದು, ಉಳಿಸಿದ್ದು ಇಂದಿನ ಗುಡ್ಡವಾಗಿದೆ. ನಾವು ಮಾಡುವುದು ಮೊಮ್ಮಕ್ಕಳ ಗುಡ್ಡವಾಗುತ್ತದೆ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತೆಗೆದುಕೊಳ್ಳಬೇಕೆಂದು ವಿನಂತಿಸುತ್ತೇವೆ.